ಅಡಿಕೆಯ ಗುಣದೋಷ ವಿಚಾರ



ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಅಡಿಕೆಯನ್ನರಿಯದ ಮನೆಯೊಂದು ಇರಲಾರದು. ಮಳೆಗಾಲವು ಹಿಂದಾದೊಡನೆ ನಾವು ಅಂಗಳವನ್ನು ಒಪ್ಪಮಾಡಿ ಹಣ್ಣಡಿಕೆಯನ್ನು ಹರವುತ್ತೇವೆ. ಮೂವತ್ತೈದು ನಾಲ್ವತ್ತು ದಿವಸ ಬಿಸಿಲಿನಲ್ಲಿ ಒಣಗಿಸಿ, ಸುಲಿದು, ಚಾಲಿ, ಪಟೋರ, ಕೋಕ ಎಂದು ವಿಂಗಡಿಸಿ ಮಾರುತ್ತೇವೆ. ಮನೆಯ ಅಕ್ಕಿ ಬಟ್ಟೆ, ಮದುವೆ ಮುಂಜಿ, ವೈದ್ಯರ ವೆಚ್ಚ ಎಲ್ಲವೂ ಇದರಿಂದಲೇ ನಡೆಯುತ್ತವೆ. ನಮ್ಮ ಶಾಲೆಯಲ್ಲಿ ಕಲಿತ ಎಷ್ಟೋ ಹುಡುಗಿಯರ ಫೀಸು ಸಂದದ್ದೂ ಅಡಿಕೆಯ ಹಣದಿಂದಲೇ ಎಂಬುದನ್ನು ನಾವಾರೂ ಮರೆಯುವಂತಿಲ್ಲ. ಮನೆಗೆ ಬಂದವರ ಮುಂದೆ ಎಲೆ ಅಡಿಕೆಯ ಹರಿವಾಣವನ್ನು ಇರಿಸುವುದು ಇಲ್ಲಿಯ ಮರ್ಯಾದೆ. ತುಳುವಿನಲ್ಲಿ ಬಜ್ಜೆಯಿ ಎನ್ನಲಿ, ಕನ್ನಡದಲ್ಲಿ ಅಡಿಕೆ ಎನ್ನಲಿ, ಅದಿಲ್ಲದೆ ಶುಭಕಾರ್ಯವೇ ಇಲ್ಲ.

ಹೀಗಿರುವಲ್ಲಿ, ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಇದು ನಮ್ಮ ಬೆಳೆಯ ಮೇಲೆ ಹೊರಿಸಿದ ಅಪವಾದವೆಂದೂ, ದೋಷವೆಲ್ಲ ಹೊಗೆಸೊಪ್ಪಿನದೆಂದೂ ಕೃಷಿಕರ ಸಭೆಗಳಲ್ಲಿ ಹೇಳುವವರಿದ್ದಾರೆ. ಇವೆರಡರ ನಡುವೆ ಮನೆಯ ಹೆಣ್ಣುಮಕ್ಕಳು ಯಾರ ಮಾತನ್ನು ನಂಬಬೇಕು? ಅಜ್ಜಿಯ ಎಲೆ ಪೆಟ್ಟಿಗೆಯನ್ನು ಕಂಡು ಸುಮ್ಮನಿರಬೇಕೆ, ಏನಾದರೂ ಹೇಳಬೇಕೆ? ಈ ಪ್ರಶ್ನೆಗೆ ಕೋಪದಿಂದಲೂ ಭಯದಿಂದಲೂ ಉತ್ತರ ದೊರೆಯದು. ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ವಂಶವಾಹಿಗಳ ಶಾಸ್ತ್ರ, ಶರೀರದ ರೋಗನಿರೋಧ ಶಾಸ್ತ್ರ ಇವು ಕಂಡುಕೊಂಡುದನ್ನು ಕ್ರಮವಾಗಿ ತಿಳಿದರೆ ಉತ್ತರವು ತಾನಾಗಿಯೇ ಗೋಚರವಾಗುವುದು. ಅದೇ ಈ ಪಾಠದ ಉದ್ದೇಶ.

೧. ಅಡಿಕೆಯೂ ನಮ್ಮ ಸೀಮೆಯೂ

ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು ೧೭೫೩ರಲ್ಲಿ ಈ ಮರಕ್ಕೆ ಅರೆಕಾ ಕಟೆಚು ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ಇದರೊಳಗಿನ ಅರೆಕಾ ಎಂಬ ಶಬ್ದವು ದಕ್ಷಿಣ ದೇಶದ ಅಡಕ್ಕ, ಅಡಿಕೆ ಎಂಬ ಮಾತುಗಳೇ ಪೋರ್ಚುಗೀಸರ ನಾಲಿಗೆಯಲ್ಲಿ ಹೊರಳಿ ಆದುದು. ಹೀಗೆ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ನಮ್ಮ ಕಡೆಯ ಮಾತೊಂದು ನೆಲೆಸಿದೆ.

ಮಳೆಗಾಲದಲ್ಲಿ ಎಳೆಗಾಯಿಗಳನ್ನು ಉದುರಿಸುವ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬವರು ಶೋಧಿಸಿ ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ನಾವು ಇಂದಿಗೂ ಈ ರೋಗಕ್ಕಾಗಿಯೇ ಸಿಂಪಡಿಸುತ್ತೇವೆ. ನೆರೆಯ ವಿಟ್ಲದಲ್ಲಿ ೧೯೫೬ರಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಚೀನಾ ದೇಶದಿಂದ ಬಂದ ತಳಿಯಿಂದ ಆರಿಸಿದ ಮಂಗಳ ಎಂಬ ತಳಿಯು ಅಲ್ಲಿಂದ ೧೯೭೨ರಲ್ಲಿ ಹೊರಬಂದಿತು. ೧೯೭೩ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಹುಟ್ಟಿ ಬೆಳೆಗಾರರಿಗೆ ಆಧಾರವಾಯಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆಯು ಪ್ರಾರಂಭವಾಯಿತು. ಮರದ ಆರೋಗ್ಯಕ್ಕಾಗಿ ಇಷ್ಟೆಲ್ಲ ಶ್ರಮ ನಡೆದಿರುವಾಗ, ಅದರ ಕಾಯಿಯನ್ನು ಜಗಿಯುವವರ ಆರೋಗ್ಯವನ್ನು ವಿಚಾರಿಸುವುದು ಬೆಳೆಗೆ ದ್ರೋಹವೆಂದು ಯಾರೂ ತಿಳಿಯಬೇಕಾಗಿಲ್ಲ.

೨. ಅಡಿಕೆಯೊಳಗೆ ಏನಿದೆ?

ಅಡಿಕೆಯಲ್ಲಿ ನಾರು, ಪಿಷ್ಟ, ಕೊಬ್ಬು ಇವೆ. ಬಾಯಿಗೆ ಒಗರನ್ನು ಕೊಡುವ ಟ್ಯಾನಿನ್ ಎಂಬ ದ್ರವ್ಯವು ಬಹಳವಾಗಿದೆ. ಇವುಗಳಲ್ಲದೆ, ತೂಕದಲ್ಲಿ ನೂರಕ್ಕೆ ಒಂದು ಪಾಲಿಗೂ ಕಡಿಮೆಯಾಗಿ, ಕೆಲವು ಕ್ಷಾರಗುಣದ ಸಾರವಸ್ತುಗಳಿವೆ. ಇವನ್ನು ಆಲ್ಕಲಾಯ್ಡುಗಳೆನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದುದು ಅರೆಕೋಲಿನ್. ಜರ್ಮನಿಯ ಯಾನ್ಸ್ ಎಂಬ ರಸಾಯನಶಾಸ್ತ್ರಜ್ಞನು ೧೮೮೮ರಲ್ಲಿ ಇದನ್ನು ಅಡಿಕೆಯಿಂದ ಬೇರ್ಪಡಿಸಿದನು.

ನಮ್ಮ ಶರೀರದಲ್ಲಿ ಒಂದು ನರವು ಮುಂದಿನ ಅಂಗಕ್ಕೆ ಸಂದೇಶವನ್ನು ಕಳುಹಿಸಬೇಕಾದರೆ ಅಸೆಟೈಲ್ ಕೋಲಿನ್ ಎಂಬ ದ್ರವ್ಯವನ್ನು ಸುರಿಸುತ್ತದೆ. ಅದು ಬೀಗದೊಳಗೆ ಬೀಗದ ಕೈ ಹೊಕ್ಕಂತೆ ಅಂಗಾಂಶದ ಗ್ರಾಹಕಗಳಲ್ಲಿ ಕುಳಿತು ಕೆಲಸಮಾಡಿಸುತ್ತದೆ. ಅರೆಕೋಲಿನು ಇದೇ ಬೀಗಕ್ಕೆ ಹೊಂದುವ ಕಳ್ಳಕೈ. ಆದುದರಿಂದಲೇ ಅಡಿಕೆ ಹಾಕಿದವರಿಗೆ ಜೊಲ್ಲು ಹೆಚ್ಚುತ್ತದೆ, ಮೈ ಬಿಸಿಯೇರಿ ಬೆವರುತ್ತದೆ, ಮನಸ್ಸಿಗೆ ಒಂದು ಬಗೆಯ ಚುರುಕು ತೋರುತ್ತದೆ. ಅಭ್ಯಾಸವಿಲ್ಲದ ಹುಡುಗಿಯು ಮದುವೆಮನೆಯಲ್ಲಿ ಎಳೆಯಡಿಕೆಯನ್ನು ಜಗಿದು ತಲೆತಿರುಗಿ ಕುಳಿತುದನ್ನು ನಾವು ಕಂಡಿಲ್ಲವೆ? ಹೊಗೆಸೊಪ್ಪಿನ ನಿಕೋಟಿನು ಕೂರುವ ಗ್ರಾಹಕಗಳ ಮೇಲೆಯೂ ಅರೆಕೋಲಿನು ಕೆಲಸಮಾಡುತ್ತದೆಂದು ಅಮೇರಿಕದ ಶೋಧಕರು ೨೦೧೫ರಲ್ಲಿ ತೋರಿಸಿದರು. ಎಲೆ ಅಡಿಕೆಯ ಚಟವನ್ನು ಬಿಡುವುದು ಏಕೆ ಕಷ್ಟವೆಂಬುದಕ್ಕೆ ಇದು ಒಂದು ಸಮಾಧಾನ.

ಸುಣ್ಣದ ಕೆಲಸವೂ ಅಲ್ಪವಲ್ಲ. ಅಡಿಕೆಯನ್ನು ನೆನೆಯಿಸಿದ ನೀರಿಗೆ ಸ್ವಲ್ಪ ಸುಣ್ಣದ ತಿಳಿಯನ್ನು ಹಾಕಿನೋಡಿರಿ, ಅದು ಕೆಂಪೇರುವುದು. ತಾಂಬೂಲದಲ್ಲಿ ತುಟಿ ಕೆಂಪಾಗುವ ಬಗೆಯೂ ಇದೇ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಒಗರು ದ್ರವ್ಯಗಳು ವಾಯುವಿನ ಆಮ್ಲಜನಕದೊಡನೆ ಸೇರಿ ಬದಲಾಗುವಾಗ, ಉಗ್ರವಾದ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಇವು ಬಾಯಿಯ ಒಳಚರ್ಮದ ಜೀವಕೋಶಗಳನ್ನು ಕೆರಳಿಸುತ್ತವೆ. ಇದೂ ಅಲ್ಲದೆ ಅರೆಕೋಲಿನು ಜೊಲ್ಲಿನಲ್ಲಿ ನೈಟ್ರೋಸಮೀನುಗಳೆಂಬ ವಸ್ತುಗಳಾಗಿ ಪರಿಣಮಿಸಬಲ್ಲುದು. ಇವುಗಳಲ್ಲಿ ಕೆಲವು ಇಲಿಗಳಲ್ಲಿ ಗಡ್ಡೆಗಳನ್ನು ಉಂಟುಮಾಡಿದುದು ಪ್ರಯೋಗಗಳಿಂದ ಸಿದ್ಧವಾಗಿದೆ.

೩. ತೀರ್ಪು ಹೇಗೆ ಬಂದಿತು?

ಯಾವ ವಸ್ತುವು ಕ್ಯಾನ್ಸರಿಗೆ ಕಾರಣವೆಂದು ವಿಚಾರಿಸುವುದಕ್ಕಾಗಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಂತಾರಾಷ್ಟ್ರೀಯ ಸಂಸ್ಥೆಯಿದೆ. ಅದರ ಪಂಡಿತರು ೧೯೮೫ರಲ್ಲಿ ತಾಂಬೂಲವನ್ನು ವಿಚಾರಣೆಗೆ ತೆಗೆದುಕೊಂಡರು. ಹೊಗೆಸೊಪ್ಪು ಸೇರಿದ ತಾಂಬೂಲವು ಕ್ಯಾನ್ಸರ್ ಕಾರಕವೆಂದು ಆಗಲೇ ಹೇಳಿದರು. ಹೊಗೆಸೊಪ್ಪಿಲ್ಲದ ತಾಂಬೂಲದ ವಿಷಯದಲ್ಲಿ ಮಾತ್ರ ಸಾಕ್ಷ್ಯವು ಸಾಲದೆಂದು ತೀರ್ಪನ್ನು ತಡೆದರು. ನಮ್ಮ ಕೃಷಿಕರು ಹೇಳುವ ವಾದಕ್ಕೆ ಅಂದು ಅವಕಾಶವಿದ್ದಿತೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಭಾರತದಲ್ಲಿ ಜಗಿಯುವವರಲ್ಲಿ ಅನೇಕರು ಎರಡನ್ನೂ ಸೇರಿಸಿಯೇ ಜಗಿಯುತ್ತಿದ್ದುದರಿಂದ, ತಪ್ಪು ಯಾವುದರದೆಂದು ಬೇರ್ಪಡಿಸುವುದು ಸುಲಭವಾಗಿರಲಿಲ್ಲ.

ಆದರೆ ತೈವಾನ್ ದ್ವೀಪದ ಜನರು ಹಸಿಯಡಿಕೆಯನ್ನು ಸುಣ್ಣದೊಡನೆ ಜಗಿಯುತ್ತಾರೆ. ಅದಕ್ಕೆ ಹೊಗೆಸೊಪ್ಪನ್ನು ಸೇರಿಸುವುದಿಲ್ಲ. ಅವರಲ್ಲಿಯೂ ಬಾಯಿಯ ಕ್ಯಾನ್ಸರ್ ಅಧಿಕವಾಗಿರುವುದನ್ನು ಅಲ್ಲಿಯ ವೈದ್ಯರು ತೋರಿಸಿದರು. ಈ ಸಾಕ್ಷ್ಯವೂ ಇತರ ಶೋಧನೆಗಳೂ ಕೂಡಿ ಬಂದ ಮೇಲೆ, ೨೦೦೩ರಲ್ಲಿ ಅದೇ ಸಂಸ್ಥೆಯು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ಮೊದಲನೆಯ ವರ್ಗದಲ್ಲಿ ಸೇರಿಸಿತು. ಅರೆಕೋಲಿನನ್ನು ಮಾತ್ರ ಪ್ರತ್ಯೇಕವಾಗಿ ೨೦೨೦ರಲ್ಲಿ ವಿಚಾರಿಸಿ, ಕಾರಕವಾಗಿರುವ ಸಾಧ್ಯತೆಯುಳ್ಳದ್ದೆಂದು ಕೆಳಗಿನ ವರ್ಗದಲ್ಲಿರಿಸಿತು.

ಇಲ್ಲಿ ಒಂದು ಮಾತನ್ನು ಸರಿಯಾಗಿ ಗ್ರಹಿಸತಕ್ಕದ್ದು. ಮೊದಲನೆಯ ವರ್ಗವೆಂದರೆ ಸಾಕ್ಷ್ಯವು ದೃಢವಾಗಿದೆಯೆಂದು ಅರ್ಥ. ಜಗಿದವರೆಲ್ಲರಿಗೂ ರೋಗ ಬರುವುದೆಂದು ಅರ್ಥವಲ್ಲ. ಎಷ್ಟು ವರುಷ, ದಿನಕ್ಕೆ ಎಷ್ಟು ಸಲ, ಯಾವುದರೊಡನೆ ಸೇರಿಸಿ ಜಗಿಯುತ್ತಾರೆಂಬುದರ ಮೇಲೆ ಅಪಾಯವು ಏರುತ್ತದೆ, ಇಳಿಯುತ್ತದೆ. ಎಂಬತ್ತು ವರುಷ ಬಾಳಿದ ಅಜ್ಜಿಯೊಬ್ಬಳ ಉದಾಹರಣೆಯಿಂದ ಅಡಿಕೆಯು ನಿರ್ದೋಷಿಯಾಗುವುದಿಲ್ಲ. ಹೊಳೆಯನ್ನು ಈಜಿ ದಾಟಿದವನೊಬ್ಬನಿದ್ದರೆ ಹೊಳೆಯು ಆಳವಿಲ್ಲವೆಂದು ಹೇಳಲಾಗದು. ೨೦೨೨ರಲ್ಲಿ ಜಗತ್ತಿನಲ್ಲಿ ಉಂಟಾದ ಸುಮಾರು ೩,೮೯,೮೦೦ ಬಾಯಿಯ ಕ್ಯಾನ್ಸರುಗಳಲ್ಲಿ ೧,೨೦,೨೦೦ಕ್ಕೆ ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆಯೇ ಕಾರಣವೆಂದು ಗಣಿಸಿದ್ದಾರೆ. ಇವುಗಳಲ್ಲಿ ೮೩,೪೦೦ ನಮ್ಮ ಭಾರತ ದೇಶದವು.

೪. ಬಾಯಿ ಬಿಗಿಯುವ ರೋಗ

ಕ್ಯಾನ್ಸರಿಗಿಂತ ಮುಂಚಿತವಾಗಿ ಅನೇಕರಲ್ಲಿ ಮತ್ತೊಂದು ರೋಗ ಕಾಣುತ್ತದೆ. ಖಾರವಾದ ಸಾರು ನಾಲಿಗೆಗೆ ತಗಲಿದರೆ ಉರಿಯುತ್ತದೆ. ಕೆನ್ನೆಯ ಒಳಮೈ ಬಿಳಿಚಿಕೊಂಡು ಚರ್ಮದ ಪಟ್ಟಿಯಂತೆ ಗಡುಸಾಗುತ್ತದೆ. ಬರಬರುತ್ತಾ ಬಾಯಿಯನ್ನು ಅಗಲಿಸುವುದೇ ಆಗದು. ಕೆನ್ಯಾ ದೇಶದಲ್ಲಿದ್ದ ಭಾರತೀಯ ಮೂಲದ ಐವರು ಸ್ತ್ರೀಯರಲ್ಲಿ ಇದನ್ನು ಕಂಡು ಶ್ವಾರ್ಟ್ಸ್ ಎಂಬವರು ೧೯೫೨ರಲ್ಲಿ ವರ್ಣಿಸಿದರು. ಮರುವರುಷ ಮುಂಬಯಿಯಲ್ಲಿ ಜೋಶಿ ಎಂಬವರು ಇಂಥ ರೋಗಿಗಳ ವೃತ್ತಾಂತವನ್ನು ಬರೆದರು.

ಇದರ ಕಾರಣವು ಹೀಗಿದೆ. ನಮ್ಮ ಚರ್ಮದ ಕೆಳಗೆ ಕೊಲಾಜನ್ ಎಂಬ ನಾರಿನ ಹಂದರವಿದೆ. ಹಳೆಯ ನಾರು ಕರಗುತ್ತಾ ಹೊಸದು ಹುಟ್ಟುತ್ತಾ ಇರುವುದು ಸಹಜಸ್ಥಿತಿ. ಅಡಿಕೆಯ ಸಾರವು ನಾರನ್ನು ನೇಯುವ ಕೋಶಗಳನ್ನು ಹುರಿದುಂಬಿಸುತ್ತದೆ. ಅದರಲ್ಲಿರುವ ಟ್ಯಾನಿನು, ತೊಗಲನ್ನು ಹದಮಾಡುವಂತೆ, ನಾರು ಕರಗದ ಹಾಗೆ ಗಟ್ಟಿಮಾಡುತ್ತದೆ. ಮೂರನೆಯದಾಗಿ ಅಡಿಕೆಯಲ್ಲಿ ತಾಮ್ರದ ಅಂಶವಿದೆ. ಮೈಲುತುತ್ತಿನಲ್ಲಿರುವ ಲೋಹವೇ ಇದು. ನಾರುಗಳನ್ನು ಒಂದಕ್ಕೊಂದು ಹೊಲಿಯುವ ಒಂದು ಕಿಣ್ವಕ್ಕೆ ತಾಮ್ರವೇ ಬಲ. ನೇಯ್ಗೆ ಹೆಚ್ಚಿ, ಕರಗುವುದು ನಿಂತು, ಹೊಲಿಗೆಯು ಬಿಗಿಯಾದರೆ ಬಟ್ಟೆಯು ಮಡಿಸಲಾಗದಷ್ಟು ಗಡುಸಾಗದಿದ್ದೀತೆ?

ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಈ ರೋಗವಿದ್ದ ೬೬ ಜನರನ್ನು ವೈದ್ಯರು ೧೭ ವರುಷಗಳ ಅವಧಿಯಲ್ಲಿ ಪರೀಕ್ಷಿಸುತ್ತಾ ಬಂದರು. ಅವರಲ್ಲಿ ಐವರಿಗೆ ಕ್ಯಾನ್ಸರ್ ಉಂಟಾಯಿತೆಂದು ೧೯೮೫ರಲ್ಲಿ ಪ್ರಕಟಿಸಿದರು. ಆದಕಾರಣ ಬಾಯಿ ಬಿಗಿಯುವುದನ್ನು ವಯಸ್ಸಿನ ದೋಷವೆಂದೋ ಹಲ್ಲಿನ ನೋವೆಂದೋ ಉಪೇಕ್ಷಿಸಬಾರದು.

೫. ವಂಶವಾಹಿಗಳ ಪಾಠ

ನಮ್ಮ ಶರೀರದ ಹೆಚ್ಚಿನ ಜೀವಕೋಶಗಳ ನಡುವೆ ನಲ್ವತ್ತಾರು ವರ್ಣತಂತುಗಳಿವೆ, ಅವುಗಳಲ್ಲಿ ಡಿ.ಎನ್.ಎ. ಎಂಬ ಉದ್ದದ ಎಳೆಯ ಮೇಲೆ, ಕೋಶವು ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಆಜ್ಞೆಗಳು ಬರೆಯಲ್ಪಟ್ಟಿವೆ. ಈ ಬರಹದ ಒಂದೊಂದು ಅಧ್ಯಾಯವೇ ವಂಶವಾಹಿ. ಜಗಿದ ವಸ್ತುವಿನ ವಿಷವು ಈ ಬರಹದಲ್ಲಿ ತಪ್ಪುಗಳನ್ನುಂಟುಮಾಡುತ್ತದೆ. ಒಂದೆರಡು ತಪ್ಪುಗಳನ್ನು ಕೋಶವು ತಾನೇ ತಿದ್ದಿಕೊಳ್ಳಬಲ್ಲುದು. ವರುಷಗಟ್ಟಲೆ ತಪ್ಪುಗಳು ಕೂಡುತ್ತಾ ಹೋದಾಗ, ತಡೆಯುವ ಆಜ್ಞೆಯೇ ಅಳಿಸಿಹೋಗಿ ಕೋಶವು ಲಗಾಮಿಲ್ಲದ ಕುದುರೆಯಂತಾಗುವುದು. ಅದೇ ಕ್ಯಾನ್ಸರ್.

ನಮ್ಮ ದೇಶದಲ್ಲಿ ಒಸಡು ಕೆನ್ನೆಗಳ ಕ್ಯಾನ್ಸರ್ ಹೆಚ್ಚಾಗಿರುವುದರಿಂದ, ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಸಂಸ್ಥೆಯ ಶೋಧಕರೂ ನವಿಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಶೋಧಕರೂ ಕೂಡಿ ಈ ಬರಹವನ್ನು ಓದುವ ಕೆಲಸಕ್ಕೆ ಕೈಯಿಕ್ಕಿದರು. ಮೊದಲು ೫೦ ರೋಗಿಗಳ ಗಡ್ಡೆಗಳಲ್ಲಿಯೂ ಬಳಿಕ ೬೦ ರೋಗಿಗಳಲ್ಲಿಯೂ ಪರೀಕ್ಷಿಸಿ ೨೦೧೩ರಲ್ಲಿ ಫಲವನ್ನು ಪ್ರಕಟಿಸಿದರು. ಕೋಶದ ಕಾವಲುಗಾರನೆನಿಸಿದ ಟಿ.ಪಿ. ೫೩ ಎಂಬ ವಂಶವಾಹಿಯು ಕೆಡುವುದು ಅನ್ಯದೇಶಗಳ ರೋಗಿಗಳಲ್ಲಿಯೂ ಕಂಡುಬಂದಿದ್ದಿತು. ಇದಲ್ಲದೆ ನಮ್ಮವರ ಗಡ್ಡೆಗಳಲ್ಲಿಯೇ ವಿಶೇಷವಾಗಿ ಕೆಟ್ಟಿರುವ ಬೇರೆ ಐದು ವಂಶವಾಹಿಗಳು ಗೊತ್ತಾದವು. ಪರದೇಶದ ಪುಸ್ತಕವನ್ನು ಓದಿ ನಮ್ಮ ರೋಗವನ್ನು ಪೂರ್ತಿಯಾಗಿ ತಿಳಿಯಲಾಗದೆಂಬುದಕ್ಕೆ ಇದು ದೃಷ್ಟಾಂತ.

ತಾಯಂದಿರು ಇಲ್ಲಿ ಕೇಳುವ ಪ್ರಶ್ನೆಯೊಂದಿದೆ: ತಾಯಿಗೆ ಈ ರೋಗ ಬಂದರೆ ಮಗಳಿಗೂ ಬರುವುದೆ? ಬಾಯಿಯ ಕೋಶಗಳಲ್ಲಿ ಜಗಿಯುವುದರಿಂದ ಆದ ತಪ್ಪುಗಳು ಗರ್ಭಕ್ಕೆ ಇಳಿಯುವುದಿಲ್ಲ. ತಾಯಿಯಿಂದ ಮಗಳಿಗೆ ಸಾಮಾನ್ಯವಾಗಿ ಇಳಿದುಬರುವುದು ಎಲೆ ಪೆಟ್ಟಿಗೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

೬. ಶರೀರದ ರಕ್ಷಕದಳ

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳು ಹೊರಗಿನ ರೋಗಾಣುಗಳನ್ನಲ್ಲದೆ, ಒಳಗೇ ದಾರಿತಪ್ಪಿದ ಕೋಶಗಳನ್ನೂ ಗುರುತಿಸಿ ಕೊಲ್ಲುತ್ತವೆ. ಇವುಗಳಲ್ಲಿ ಟಿ ಕಣಗಳೆಂಬವು ಮುಖ್ಯವಾದವು. ಈ ಕಣಗಳು ಮಿತಿಮೀರಿ ಸ್ವಂತ ಶರೀರವನ್ನೇ ಹಾಳುಮಾಡದಂತೆ ಅವುಗಳ ಮೈಮೇಲೆ ತಡೆಗಳಿವೆ. ಚತುರವಾದ ಕ್ಯಾನ್ಸರ್ ಕೋಶವು ಈ ತಡೆಯನ್ನೇ ಒತ್ತಿ ಹಿಡಿದು ಕಾವಲುಗಾರನನ್ನು ನಿದ್ರೆಗೊಳಿಸುತ್ತದೆ. ಆ ತಡೆಯನ್ನು ತೆಗೆದರೆ ಶರೀರವೇ ರೋಗದೊಡನೆ ಹೋರಾಡುವುದೆಂದು ತೋರಿಸಿದ ಅಮೇರಿಕದ ಜೇಮ್ಸ್ ಆಲಿಸನ್, ಜಪಾನಿನ ತಾಸುಕು ಹೊಂಜೊ ಇವರಿಗೆ ೨೦೧೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಈ ಬಗೆಯ ಔಷಧಗಳಲ್ಲಿ ನಿವೊಲುಮಾಬ್ ಎಂಬುದೊಂದು. ಇದರ ಬೆಲೆಯು ಸಾಮಾನ್ಯ ಸಂಸಾರಕ್ಕೆ ಎಟುಕುವಂಥದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ರೂಢಿಯ ಪ್ರಮಾಣವನ್ನು ಬಹಳವಾಗಿ ತಗ್ಗಿಸಿ, ಮೂರು ವಾರಕ್ಕೊಮ್ಮೆ ಕೇವಲ ೨೦ ಮಿಲಿಗ್ರಾಮಿನಂತೆ, ಇತರ ಮದ್ದುಗಳೊಡನೆ ಕೊಟ್ಟು ನೋಡಿದರು. ಬಾಯಿ ಕುತ್ತಿಗೆಗಳ ಮುಂದುವರಿದ ಕ್ಯಾನ್ಸರಿನಿಂದ ನರಳುವ, ಗುಣವಾಗುವ ಆಶೆಯಿಲ್ಲದ ರೋಗಿಗಳೇ ಇವರು. ಹಳೆಯ ಮದ್ದುಗಳನ್ನು ಮಾತ್ರ ತೆಗೆದುಕೊಂಡವರಲ್ಲಿ ಒಂದು ವರುಷದ ಬಳಿಕ ನೂರಕ್ಕೆ ೧೬ ಮಂದಿ ಬದುಕಿದ್ದರೆ, ಇದನ್ನೂ ಸೇರಿಸಿಕೊಂಡವರಲ್ಲಿ ೪೩ ಮಂದಿ ಬದುಕಿದ್ದರೆಂದು ೨೦೨೨ರಲ್ಲಿ ಪ್ರಕಟವಾಯಿತು. ಇದು ಸಂತೋಷದ ವಾರ್ತೆಯೇ ಸರಿ. ಆದರೂ ನೂರರಲ್ಲಿ ಐವತ್ತೇಳು ಮನೆಗಳು ವರುಷದೊಳಗೆ ದುಃಖಕ್ಕೀಡಾದವೆಂಬುದನ್ನೂ ಓದಿಕೊಳ್ಳಬೇಕು.

೭. ಅಡಿಕೆಯಿಂದ ಔಷಧ

ದೋಷವನ್ನು ಹೇಳಿದ ಮೇಲೆ ಗುಣವನ್ನೂ ಹೇಳುವುದು ಧರ್ಮ. ಅರೆಕೋಲಿನಿನ ಲವಣವನ್ನು ನಾಯಿಗಳ ಹೊಟ್ಟೆಯ ಲಾಡಿಹುಳವನ್ನು ಹೊರಡಿಸುವುದಕ್ಕಾಗಿ ಪಶುವೈದ್ಯರು ಬಹುಕಾಲ ಬಳಸಿದರು. ಅದಕ್ಕಿಂತ ಉತ್ತಮವಾದ ಮದ್ದುಗಳು ಬಂದ ಮೇಲೆ ಅದು ಹಿಂದೆ ಸರಿಯಿತು.

ಇದಕ್ಕಿಂತಲೂ ಆಶ್ಚರ್ಯಕರವಾದ ಕಥೆಯೊಂದಿದೆ. ಅರೆಕೋಲಿನು ಮೆದುಳಿನ ಬೀಗಗಳನ್ನು ತೆರೆಯಬಲ್ಲುದಷ್ಟೆ? ಅದರ ಅಣುವಿನ ಆಕಾರವನ್ನು ಮಾದರಿಯಾಗಿಟ್ಟು, ಕೆಲವು ಭಾಗಗಳನ್ನು ಬದಲಿಸಿ, ರಸಾಯನಶಾಸ್ತ್ರಜ್ಞರು ಜ಼ಾನೊಮೆಲಿನ್ ಎಂಬ ಹೊಸ ವಸ್ತುವನ್ನು ರಚಿಸಿದರು. ೧೯೯೦ರ ದಶಕದಲ್ಲಿ ಮರೆವಿನ ರೋಗವುಳ್ಳ ವೃದ್ಧರಿಗೆ ಇದನ್ನು ಕೊಟ್ಟು ಪರೀಕ್ಷಿಸಿದಾಗ, ಅವರ ಭ್ರಮೆಗಳೂ ಇಲ್ಲದ ಧ್ವನಿಗಳನ್ನು ಕೇಳುವುದೂ ಕಡಿಮೆಯಾದುವು; ಆದರೆ ವಾಂತಿ ಬೆವರುಗಳಿಂದ ಅನೇಕರು ಅದನ್ನು ತಾಳಲಾರದೆ ಹೋದರು. ಔಷಧವು ಬಹುಕಾಲ ಮೂಲೆಯಲ್ಲಿ ಬಿದ್ದಿತು. ಬಳಿಕ ಒಬ್ಬರಿಗೆ ಯುಕ್ತಿ ತೋರಿತು: ಮೆದುಳನ್ನು ಹೊಗದೆ, ಹೊಟ್ಟೆ ಮುಂತಾದ ಅಂಗಗಳಲ್ಲಿ ಮಾತ್ರ ಇದರ ಕೆಲಸವನ್ನು ತಡೆಯುವ ಟ್ರಾಸ್ಪಿಯಮ್ ಎಂಬ ಮತ್ತೊಂದು ಮದ್ದನ್ನು ಜೊತೆಗೂಡಿಸಿದರೆ ಹೇಗೆ? ಹೀಗೆ ಸಿದ್ಧವಾದ ಜೋಡಿ ಔಷಧವನ್ನು ಸ್ಕಿಜ಼ೊಫ್ರೀನಿಯಾ ಎಂಬ ಮನೋರೋಗಕ್ಕಾಗಿ ಅಮೇರಿಕ ಸರಕಾರವು ೨೦೨೪ರ ಸೆಪ್ಟಂಬರಿನಲ್ಲಿ ಅಂಗೀಕರಿಸಿತು.

ಈ ಮದ್ದನ್ನು ಕಾರ್ಖಾನೆಯಲ್ಲಿ ಸಂಯೋಜಿಸುತ್ತಾರೆ. ನಮ್ಮ ಚಾಲಿಗೆ ಇದರಿಂದ ಗಿರಾಕಿ ಹೆಚ್ಚುವುದೆಂದು ಭಾವಿಸಲಾಗದು. ಅಡಿಕೆಯನ್ನು ಜಗಿದರೆ ಮನೋರೋಗ ವಾಸಿಯಾಗುವುದೆಂದು ಯಾರೂ ತಪ್ಪು ತಿಳಿಯಲೂ ಬಾರದು. ಶೋಧಕನ ಕೈಯಲ್ಲಿ ಅಳತೆಗೊಳಗಾದ ವಸ್ತುವು ಔಷಧವಾಗುತ್ತದೆ. ಅಳತೆಯಿಲ್ಲದೆ ದಿನವೆಲ್ಲ ಕೆನ್ನೆಯಲ್ಲಿಟ್ಟ ಅದೇ ವಸ್ತು ವಿಷವಾಗುತ್ತದೆ.

೮. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಿಂದ ದೊಡ್ಡದೊಂದು ಪ್ರಯೋಗ ನಡೆಯಿತು. ತರಬೇತಿ ಹೊಂದಿದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಜನರ ಬಾಯಿಯನ್ನು ನೋಡಿದರು. ಸಂಶಯವಿದ್ದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಮರಣವು ಇದರಿಂದ ಮೂರನೆಯ ಒಂದು ಪಾಲಿನಷ್ಟು ತಗ್ಗಿತೆಂದು ೨೦೦೫ರಲ್ಲಿ ತಿಳಿದುಬಂದಿತು. ಕೇವಲ ನೋಡುವುದರಿಂದ ಜೀವಗಳು ಉಳಿದುವು.

ಇದನ್ನು ನೀವೂ ಮಾಡಬಹುದು. ತಿಂಗಳಿಗೊಮ್ಮೆ, ಎಲೆ ಅಡಿಕೆ ಹಾಕುವ ಹಿರಿಯರನ್ನು ಜಗಲಿಯ ಬೆಳಕಿನಲ್ಲಿ ಕುಳ್ಳಿರಿಸಿ, ಬಾಯಿಯನ್ನು ತೊಳೆಯಿಸಿ, ಹೀಗೆ ನೋಡಿರಿ.

ಮೊದಲನೆಯದಾಗಿ, ಅವರ ತೋರುಬೆರಳು, ನಡುಬೆರಳು, ಉಂಗುರಬೆರಳು ಇವು ಮೂರನ್ನೂ ಒಂದರ ಮೇಲೊಂದಿರಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಹೇಳಿರಿ. ಮೂರು ಬೆರಳು ಹಿಡಿಯದಿದ್ದರೆ ಬಾಯಿ ಬಿಗಿಯತೊಡಗಿದೆಯೆಂದು ತಿಳಿಯಬೇಕು.

ಎರಡನೆಯದಾಗಿ, ಕೆನ್ನೆಗಳ ಒಳಮೈ, ಒಸಡು, ನಾಲಿಗೆಯ ಅಂಚು, ನಾಲಿಗೆಯ ಕೆಳಭಾಗ ಇವುಗಳಲ್ಲಿ ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆಯಿದೆಯೋ ನೋಡಬೇಕು.

ಮೂರನೆಯದಾಗಿ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಗಂಟು, ಕಾರಣವಿಲ್ಲದೆ ಸಡಿಲಾದ ಹಲ್ಲು, ಕುತ್ತಿಗೆಯಲ್ಲಿ ಬಾವು ಇವೆಯೋ ವಿಚಾರಿಸಬೇಕು. ನೋವಿಲ್ಲವೆಂದು ಸಮಾಧಾನ ಪಡಬಾರದು. ಪ್ರಾರಂಭದಲ್ಲಿ ಈ ರೋಗಕ್ಕೆ ನೋವೇ ಇರದಿರುವುದುಂಟು.

ಇವುಗಳಲ್ಲಿ ಒಂದಾದರೂ ಕಂಡರೆ ನಾಟಿ ಮದ್ದಿನಲ್ಲಿ ತಿಂಗಳುಗಳನ್ನು ಕಳೆಯದೆ ದಂತವೈದ್ಯರಲ್ಲಿಗೆ ಹೋಗಿರಿ. ಸುಳ್ಯದಲ್ಲಿಯೇ ಕೆ.ವಿ.ಜಿ. ದಂತ ವೈದ್ಯಕೀಯ ಕಾಲೇಜು ಇದೆ. ದೂರದ ಪಟ್ಟಣವೇ ಬೇಕೆಂದಿಲ್ಲ. ಇನ್ನು ಎಷ್ಟೋ ವರುಷ ಜಗಿದಾಯಿತು, ಈಗ ಬಿಟ್ಟು ಫಲವೇನೆಂದು ಹಿರಿಯರು ಹೇಳಿದರೆ, ಬಿಟ್ಟವರಲ್ಲಿ ಬಾಯಿಯ ಕ್ಯಾನ್ಸರಿನ ಅಪಾಯವು ಇಳಿಯುತ್ತದೆಂದು ಮೊದಲು ಹೇಳಿದ ಅಂತಾರಾಷ್ಟ್ರೀಯ ಸಂಸ್ಥೆಯೇ ಸಾಕ್ಷ್ಯಗಳನ್ನು ತೂಗಿ ಹೇಳಿದೆಯೆಂದು ತಿಳಿಸಿರಿ. ಗದರಿಸಿ ಹೇಳಬೇಡಿರಿ. ಅವರಿಗೆ ಅದು ಚಟವೊಂದೇ ಅಲ್ಲ, ಜೊತೆಗಾರನೂ ಹೌದು. ಮೊದಲು ಹೊಗೆಸೊಪ್ಪನ್ನೂ, ರಾತ್ರಿ ಕೆನ್ನೆಯಲ್ಲಿಟ್ಟು ಮಲಗುವುದನ್ನೂ ಬಿಡಿಸಿರಿ. ಬಳಿಕ ಸಲಗಳನ್ನು ಕಡಿಮೆಮಾಡಿಸಿರಿ. ಕೊನೆಗೆ ಪೂರ್ತಿಯಾಗಿ ಬಿಡುವ ದಿನವನ್ನು ಅವರ ಬಾಯಿಂದಲೇ ಹೇಳಿಸಿರಿ. ಮಕ್ಕಳ ಕೈಗಂತೂ ಬಣ್ಣದ ಪೊಟ್ಟಣದ ಅಡಿಕೆಯು ಎಂದಿಗೂ ಸೇರಬಾರದು. ಗುಟ್ಕಾವನ್ನು ಕರ್ನಾಟಕ ಸರಕಾರವು ೨೦೧೩ರಲ್ಲಿ ನಿಷೇಧಿಸಿತು. ಆದರೆ ಕಾನೂನು ನಿಲ್ಲುವುದು ಅಂಗಡಿಯ ಬಾಗಿಲಲ್ಲಿ, ಮನೆಯೊಳಗೆ ತಾಯಿಯೇ ಕಾನೂನು.

೯. ಉಪಸಂಹಾರ

ಹಾಗಾದರೆ ತೋಟವನ್ನು ಕಡಿಯಬೇಕೆ? ಈ ಪಾಠವು ಹಾಗೆ ಹೇಳುವುದಿಲ್ಲ. ತಲೆಮಾರುಗಳ ಬೆವರು ಬಿದ್ದ ತೋಟವನ್ನು ಒಂದು ಲೇಖನದಿಂದ ಅಲುಗಿಸಲಾಗದು. ಅಲುಗಿಸುವುದು ನ್ಯಾಯವೂ ಅಲ್ಲ. ಆದರೆ ಅಂಗಳದಿಂದ ಹೊರಟ ಚಾಲಿಯು ಗುಜರಾತ್ ಮೊದಲಾದ ದೂರದ ಪ್ರಾಂತಗಳನ್ನು ಸೇರಿ, ಅಲ್ಲಿ ಯಾರದೋ ಮಗನ ಬಾಯಿಯಲ್ಲಿ ಏನು ಮಾಡುವುದೆಂಬುದನ್ನು ಅರಿತೂ ಅರಿಯದವರಂತೆ ಇರುವುದು ವಿದ್ಯೆ ಕಲಿತವರಿಗೆ ತಕ್ಕುದಲ್ಲ. ಅಡಿಕೆಯ ಮರಗಳ ನಡುವೆ ಕೊಕ್ಕೊ, ಮೆಣಸಿನಬಳ್ಳಿ, ಬಾಳೆ ಇವುಗಳನ್ನು ಬೆಳೆದು ಒಂದೇ ಬೆಳೆಯ ಆಶ್ರಯವನ್ನು ತಗ್ಗಿಸುವುದನ್ನು ನಮ್ಮ ಕೃಷಿಕರು ಈಗಾಗಲೇ ಬಲ್ಲರು. ಉದುರಿದ ಹಾಳೆಯಿಂದ ತಟ್ಟೆಗಳಾಗುತ್ತವೆ. ಅಡಿಕೆಯ ಚೊಗರಿನಿಂದ ಬಟ್ಟೆಗೆ ಬಣ್ಣ ಕೊಡಬಹುದು. ಜಗಿಯದೆಯೇ ಅಡಿಕೆಗೆ ಬೆಲೆ ತರುವ ದಾರಿಗಳನ್ನು ಹುಡುಕುವ ಕೆಲಸವು ಮುಂದಿನ ತಲೆಮಾರಿಗೆ ಉಳಿದಿದೆ.

ಅಡಿಕೆಯ ಹಣದಿಂದ ಓದಿದ ಹುಡುಗಿಯರಲ್ಲಿಯೇ ಕೆಲವರು ರಸಾಯನಶಾಸ್ತ್ರವನ್ನು ಕಲಿತು, ಅಡಿಕೆಯೊಳಗಿನ ಈ ಗುಣವನ್ನೂ ದೋಷವನ್ನೂ ಬೇರ್ಪಡಿಸುವ ದಿನ ಬರಲಿ. ಅಲ್ಲಿಯ ವರೆಗೆ ಪ್ರತಿಯೊಬ್ಬ ಹಳೆ ವಿದ್ಯಾರ್ಥಿನಿಯೂ ಈ ತಿಂಗಳೊಳಗೆ ತನ್ನ ಮನೆಯ ಒಬ್ಬ ಹಿರಿಯರ ಬಾಯಿಯನ್ನು ಬೆಳಕಿನಲ್ಲಿ ನೋಡಿದರೆ, ಈ ಪಾಠವನ್ನು ಬರೆದ ಶ್ರಮವು ಸಾರ್ಥಕವಾಯಿತು.